ಗೂಟ ನೆಟ್ಟರೆ ಅರ್ಥಿಂಗ್ ಆಯ್ತಾ?

ಹೊತ್ತೊಯ್ಯುವ ಸೋಲಾರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಮಡಚುವ ಪ್ಯಾನೆಲ್, ಪೆಟ್ಟಿಗೆಯಂಥ ಪವರ್ ಸ್ಟೇಷನ್, ವ್ಯಾನಿನೊಳಗಿನ ಇನ್ವರ್ಟರ್, ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಅಂತ. ಎಷ್ಟು ವಾಟ್ ಬೇಕು, ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅರ್ಥಿಂಗ್ ಬಗ್ಗೆ. ಹಾಗಾಗಿ ಈ ಸಲ ಅದೊಂದೇ ವಿಷಯ. ಲೆಕ್ಕಗಳಲ್ಲಿ 230 ವೋಲ್ಟ್ ಹಿಡಿದಿದ್ದೇನೆ. 120 ವೋಲ್ಟ್ ಇರುವ ಕಡೆ ಅಂಕಿ ಬೇರೆಯಾಗುತ್ತದೆ, ವಿಷಯ ಅದೇ.

ಪ್ರಶ್ನೆ: ಮೇಡಂ, ನನ್ನ ಹತ್ತಿರ 2000 ವಾಟ್‌ನ ಪವರ್ ಸ್ಟೇಷನ್ ಇದೆ, ಜೊತೆಗೆ 200 ವಾಟ್‌ನ ಎರಡು ಮಡಚುವ ಪ್ಯಾನೆಲ್. ಕರೆಂಟ್ ಇಲ್ಲದ ಕಡೆ ಡ್ರಿಲ್, ಕಟರ್ ಓಡಿಸುತ್ತೇನೆ. ಸಾಕೆಟ್‌ನಲ್ಲಿ ಮೂರನೇ ಪಿನ್‌ಗೆ ಜಾಗ ಇದೆ. ಆದರೆ ಪೆಟ್ಟಿಗೆಯಿಂದ ನೆಲಕ್ಕೆ ಯಾವ ವೈರೂ ಇಲ್ಲ. ಜೊತೆಯವರು "ಒಂದು ಕಬ್ಬಿಣದ ಗೂಟ ಹೊಡೆದು ತಂತಿ ಕಟ್ಟು, ಇಲ್ಲದಿದ್ದರೆ ಒಂದಿನ ಶಾಕ್ ಹೊಡೆಯುತ್ತೆ" ಅನ್ನುತ್ತಾರೆ. ಕಟ್ಟಲೇ?

ಉತ್ತರ: ಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಮುಂದಿನ ಪತ್ರಗಳ ಅರ್ಧ ಉತ್ತರವೂ ಇಲ್ಲೇ ಇದೆ.

ಕರೆಂಟ್‌ಗೆ ಮಣ್ಣೆಂದರೆ ಇಷ್ಟ, ಸಿಕ್ಕಿದ ಕಡೆ ನೆಲಕ್ಕೆ ಇಳಿದುಬಿಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಮನೆಯ ಕರೆಂಟ್ ಟ್ರಾನ್ಸ್‌ಫಾರ್ಮರ್‌ನಿಂದ ಬರುತ್ತದೆ. ಸಾಮಾನ್ಯವಾಗಿ ಅದರ ನ್ಯೂಟ್ರಲ್ ಅನ್ನು ನೆಲಕ್ಕೆ ಸೇರಿಸಿರುತ್ತಾರೆ. ಹಾಗಾಗಿ ಫೇಸ್ ಮುಟ್ಟಿದ ಕೈಯಿಂದ ಕಾಲಿಗೆ, ಕಾಲಿಂದ ನೆಲಕ್ಕೆ, ನೆಲದಿಂದ ಟ್ರಾನ್ಸ್‌ಫಾರ್ಮರ್‌ಗೆ ಒಂದು ಸುತ್ತು ಪೂರ್ತಿಯಾಗುತ್ತದೆ. ಶಾಕ್ ಹೊಡೆಯುವುದು ಆ ಸುತ್ತಿನಿಂದ.

ನಿಮ್ಮ ಪೆಟ್ಟಿಗೆಯ ಕಥೆ ಬೇರೆ. ಇಂಥ ಪವರ್ ಸ್ಟೇಷನ್‌ಗಳಲ್ಲಿ ಹೆಚ್ಚಿನವುಗಳ ಔಟ್‌ಪುಟ್ ವೈರ್ ಎರಡೂ ನೆಲದ ಜೊತೆ ಸಂಬಂಧವೇ ಇಲ್ಲದೆ ತೇಲುತ್ತಿರುತ್ತವೆ. ಇದಕ್ಕೆ ಫ್ಲೋಟಿಂಗ್ ಅನ್ನುತ್ತಾರೆ. ಡ್ರಿಲ್‌ನೊಳಗೆ ಒಂದು ವೈರ್ ಸುಲಿದು ಬಾಡಿಗೆ ತಾಗಿತು ಅಂದುಕೊಳ್ಳಿ. ನೀವು ಒದ್ದೆ ನೆಲದ ಮೇಲೆ ನಿಂತು ಆ ಬಾಡಿ ಹಿಡಿದಿದ್ದೀರಿ. ನೆಲದಿಂದ ಪೆಟ್ಟಿಗೆಗೆ ವಾಪಸ್ ದಾರಿ ಇಲ್ಲ. ಸಣ್ಣಗೆ ಜುಮ್ ಅನ್ನಬಹುದು, ಅಷ್ಟೇ.

ಈಗ ಜೊತೆಯವರ ಮಾತು ಕೇಳಿ ಅರ್ಥ್ ಪಿನ್‌ಗೆ ಗೂಟ ಕಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಅದೇ ವೈರ್, ಅದೇ ರೀತಿ ಡ್ರಿಲ್‌ನ ಬಾಡಿಗೆ ತಾಗಿತು. ಏನಾಗುತ್ತದೆ? ಏನೂ ಆಗುವುದಿಲ್ಲ. ಫ್ಯೂಸ್ ಹೋಗುವುದಿಲ್ಲ, ಲೈಟ್ ಆರುವುದಿಲ್ಲ, ಡ್ರಿಲ್ ಓಡುತ್ತಲೇ ಇರುತ್ತದೆ. ಆದರೆ ತೇಲುತ್ತಿದ್ದ ಒಂದು ವೈರ್ ಈಗ ಗೂಟದ ಮೂಲಕ ನೆಲಕ್ಕೆ ಕಟ್ಟಿಕೊಂಡಿತು. ಹಾಗಾಗಿ ಇನ್ನೊಂದು ವೈರ್ ನೆಲಕ್ಕೆ ಹೋಲಿಸಿದರೆ ಪೂರ್ತಿ 230 ವೋಲ್ಟ್ ಆಯಿತು. ಅದು ಯಾರಿಗೂ ಗೊತ್ತಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್‌ನ ಒಡೆದ ಜಾಗದಲ್ಲಿ ಆ ವೈರ್ ಮುಟ್ಟಿದವರಿಗೆ ಮನೆಯ ಕರೆಂಟ್ ಹೊಡೆದ ಹಾಗೇ ಹೊಡೆಯುತ್ತದೆ. ಸುರಕ್ಷೆಗೆ ಅಂತ ಹೊಡೆದ ಗೂಟ ಕರೆಂಟ್‌ಗೆ ವಾಪಸ್ ಹೋಗುವ ದಾರಿ ಮಾಡಿಕೊಟ್ಟಿತು ಅಲ್ವಾ?

ಹಾಗಾದರೆ ಮೂರನೇ ಪಿನ್ ಸುಮ್ನೆ ಇದೆಯಾ? ಇಲ್ಲ. ಎರಡು ಉಪಕರಣ ಒಟ್ಟಿಗೆ ಓಡಿಸುವಾಗ ಅದಕ್ಕೆ ಕೆಲಸವಿದೆ. ಒಂದರಲ್ಲಿ ಈ ವೈರ್ ಬಾಡಿಗೆ ತಾಗಿ, ಇನ್ನೊಂದರಲ್ಲಿ ಆ ವೈರ್ ತಾಗಿದರೆ ಎರಡು ಬಾಡಿಗಳ ನಡುವೆ 230 ವೋಲ್ಟ್ ನಿಲ್ಲುತ್ತದೆ. ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಇದ್ದರೆ ಕರೆಂಟ್ ಎದೆ ದಾಟಿ ಹೋಗುತ್ತದೆ. ಬಾಡಿಗಳೆರಡೂ ಅರ್ಥ್ ವೈರ್‌ನಿಂದ ಒಂದಕ್ಕೊಂದು ಸೇರಿದ್ದರೆ ಅದು ನೇರ ಶಾರ್ಟ್ ಆಗುತ್ತದೆ, ಪೆಟ್ಟಿಗೆ ತಾನೇ ಬಂದ್ ಆಗುತ್ತದೆ. ಬೇಕಾದದ್ದು ಬಾಡಿಯಿಂದ ಬಾಡಿಗೆ ಒಳ್ಳೆಯ ವೈರ್. ನೆಲಕ್ಕಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಸಾಧ್ಯವಾದಷ್ಟೂ ಒಂದು ಹೊತ್ತಿಗೆ ಒಂದೇ ಉಪಕರಣ ಓಡಿಸಿ. ಡ್ರಿಲ್, ಕಟರ್ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಷನ್, ಅದಕ್ಕೆ ಅರ್ಥ್ ವೈರ್ ಬೇಕಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಮೂರು ವೈರ್‌ನದ್ದೇ ಇರಲಿ. ಒಳಗೆ ಅರ್ಥ್ ವೈರ್ ಕಿತ್ತು ಮಡಚಿ ಟೇಪ್ ಸುತ್ತಿರುವ ಬೋರ್ಡ್‌ಗಳನ್ನು ನಾನು ಬಿಚ್ಚಿ ನೋಡುತ್ತಲೇ ಇರುತ್ತೇನೆ. ಹಾಗಿದ್ದರೆ ಮೊದಲು ಅದನ್ನು ಎಸೆಯಿರಿ.

ಪ್ರಶ್ನೆ: ಇನ್ವರ್ಟರ್ ಸಾಕೆಟ್‌ನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಮಲ್ಟಿಮೀಟರ್ ಇಟ್ಟರೆ ಅರ್ಥ್‌ನಿಂದ ಒಂದು ಕಡೆ 112, ಇನ್ನೊಂದು ಕಡೆ 117 ವೋಲ್ಟ್. ಲ್ಯಾಪ್‌ಟಾಪ್‌ನ ಬಾಡಿ ಸವರಿದರೆ ಜುಮ್ ಅನ್ನುತ್ತದೆ. ಇನ್ವರ್ಟರ್ ಕೆಟ್ಟಿದೆಯಾ? ವಾಪಸ್ ಕೊಡಬೇಕಾ?

ಉತ್ತರ: ಬಹುಮಟ್ಟಿಗೆ ಕೆಟ್ಟಿಲ್ಲ. ಅದು ಫ್ಲೋಟಿಂಗ್ ಇನ್ವರ್ಟರ್‌ನ ಲಕ್ಷಣ. ಒಳಗೆ ಪ್ರತಿ ವೈರ್‌ನಿಂದ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ, ರೇಡಿಯೊ ಗದ್ದಲ ತಡೆಯಲು. ಎರಡೂ ಒಂದೇ ಅಳತೆಯವು. ಹಾಗಾಗಿ ಬಾಡಿ ಎರಡು ವೈರ್‌ಗಳ ನಡುಮಧ್ಯದ ವೋಲ್ಟೇಜ್‌ನಲ್ಲಿ ನಿಲ್ಲುತ್ತದೆ. 230ರ ಅರ್ಧ 115. ನಿಮ್ಮ ಮೀಟರ್ ತೋರಿಸಿದ್ದು ಅದನ್ನೇ. ಈ ವೋಲ್ಟೇಜ್‌ನ ಹಿಂದೆ ಬಲವಿಲ್ಲ. ನನ್ನ ಮೇಜಿನ ಮೇಲೆ ಇಂಥದ್ದು ಬಂದಾಗ ಬಾಡಿಗೂ ಒಂದು ವೈರ್‌ಗೂ ನಡುವೆ 15 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸೇರಿಸುತ್ತೇನೆ. ಬಲ್ಬ್ ಉರಿಯುವುದಿಲ್ಲ, ಮೀಟರ್ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಬಲ್ಬ್ ಉರಿದರೆ ಮಾತ್ರ ಅಲ್ಲಿ ನಿಜವಾದ ಸಂಪರ್ಕವಿದೆ ಅಂತ ಅರ್ಥ. ಇದು ರಿಪೇರಿಯವರು ಮಾಡುವ ಕೆಲಸ. ನೀವು ಮನೆಯಲ್ಲಿ ಬರಿಗೈಯಲ್ಲಿ ಮಾಡಬೇಡಿ.

ಲ್ಯಾಪ್‌ಟಾಪ್ ಜುಮ್ ಅನ್ನುವುದೂ ಚಾರ್ಜರ್‌ನೊಳಗಿನ ಇಂಥದ್ದೇ ಕೆಪಾಸಿಟರ್‌ನಿಂದ. ಅರ್ಧ ಮಿಲಿ ಆಂಪಿಯರ್ ಹರಿದರೂ ಚರ್ಮಕ್ಕೆ ಗೊತ್ತಾಗಬಹುದು. ಹಿಡಿದದ್ದನ್ನು ಬಿಡಲಾಗದೆ ಕೈ ಕಚ್ಚಿಕೊಳ್ಳುವುದು ಸುಮಾರು 10 ಮಿಲಿ ಆಂಪಿಯರ್‌ನಿಂದ. ಜುಮ್ ಅನ್ನುವುದು ಹೋಗಿ ಹೊಡೆತ ಬೀಳಲು ಶುರುವಾದರೆ ಆಗ ನಿಲ್ಲಿಸಿ, ತೋರಿಸಿ.

ಇನ್ನೊಂದು ಮಾತು. ಫ್ಲೋಟಿಂಗ್ ಔಟ್‌ಪುಟ್‌ನಲ್ಲಿ ಫೇಸ್, ನ್ಯೂಟ್ರಲ್ ಅಂತ ಬೇರೆ ಬೇರೆ ಇರುವುದೇ ಇಲ್ಲ. ಟೆಸ್ಟರ್ ಇಟ್ಟು "ಇದು ನ್ಯೂಟ್ರಲ್, ಮುಟ್ಟಿದರೂ ಪರವಾಗಿಲ್ಲ" ಅಂತ ನಿರ್ಧರಿಸುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ.

ಪ್ರಶ್ನೆ: ನಾನು ಓದಿಕೊಂಡು ಇನ್ವರ್ಟರ್‌ನ ಮುಂದೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ. ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ. ಸಾಕೆಟ್‌ಗೆ ಚುಚ್ಚಿ ಪರೀಕ್ಷಿಸುವ ಸಣ್ಣ ಟೆಸ್ಟರ್‌ನಿಂದ ಒತ್ತಿದರೆ ಟ್ರಿಪ್ ಆಗುವುದಿಲ್ಲ. ಯಾವುದನ್ನು ನಂಬಲಿ? ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಎರಡೂ ನಿಜ ಹೇಳುತ್ತಿವೆ. ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು.

ಆರ್‌ಸಿಸಿಬಿ ನೋಡುವುದು ಒಂದೇ ವಿಷಯ. ಹೋದ ಕರೆಂಟ್ ಪೂರ್ತಿ ವಾಪಸ್ ಬಂತಾ? ನಡುವೆ 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿದರೆ ಅದು ಕಟ್ ಮಾಡುತ್ತದೆ. ಅದರ ಮೇಲಿನ ಟೆಸ್ಟ್ ಬಟನ್ ಒಳಗಿನ ರೆಸಿಸ್ಟರ್ ಒಂದರ ಮೂಲಕ ಒಂದು ಬದಿಯ ಫೇಸ್‌ನಿಂದ ಇನ್ನೊಂದು ಬದಿಯ ನ್ಯೂಟ್ರಲ್‌ಗೆ ಸ್ವಲ್ಪ ಕರೆಂಟ್ ಹರಿಸುತ್ತದೆ. ಇದಕ್ಕೆ ಅರ್ಥ್ ಬೇಡವೇ ಬೇಡ. ಹಾಗಾಗಿ ಆ ಬಟನ್ ಹೇಳುವುದು ಯಂತ್ರ ಕೆಲಸ ಮಾಡುತ್ತಿದೆ ಅಂತ ಮಾತ್ರ. ನಿಮ್ಮ ಅರ್ಥಿಂಗ್ ಸರಿಯಿದೆ ಅಂತಲ್ಲ. ಚುಚ್ಚುವ ಟೆಸ್ಟರ್ ಫೇಸ್‌ನಿಂದ ಅರ್ಥ್ ಪಿನ್‌ಗೆ ಕರೆಂಟ್ ಹರಿಸಲು ನೋಡುತ್ತದೆ. ಅರ್ಥ್ ಪಿನ್‌ನಿಂದ ಇನ್ವರ್ಟರ್‌ಗೆ ದಾರಿ ಇಲ್ಲದ್ದರಿಂದ ಏನೂ ಹರಿಯಲಿಲ್ಲ, ಟ್ರಿಪ್ ಆಗಲಿಲ್ಲ.

ಒಂದೇ ಉಪಕರಣಕ್ಕೆ ಫ್ಲೋಟಿಂಗ್ ಚೆನ್ನ. ಆದರೆ ಒಂದು ಗುಡಿಸಲು, ಟೆಂಟುಗಳ ಸಾಲು, ಹತ್ತಾರು ಸಾಕೆಟ್, ಉದ್ದುದ್ದ ವೈರ್ ಅಂತಾದ ಮೇಲೆ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಎಲ್ಲೋ ಮೊದಲ ದೋಷ ಸದ್ದಿಲ್ಲದೆ ಕೂತಿರುತ್ತದೆ. ಆಗ ನ್ಯೂಟ್ರಲ್ ಮತ್ತು ಅರ್ಥ್ ಅನ್ನು ಒಂದು ಕಡೆ ಸೇರಿಸಿ ಆರ್‌ಸಿಸಿಬಿ ಹಾಕುವುದೇ ಸರಿ. ಎಂಸಿಬಿಯೊಂದೇ (ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್) ಸಾಲದು. 16 ಆಂಪಿಯರ್‌ನ ಬಿ ಕರ್ವ್ ಎಂಸಿಬಿ ಕೂಡಲೇ ಬೀಳಬೇಕಾದರೆ ಅದರ 3ರಿಂದ 5 ಪಟ್ಟು, ಅಂದರೆ 48ರಿಂದ 80 ಆಂಪಿಯರ್ ಹರಿಯಬೇಕು. 2000 ವಾಟ್‌ನ ಇನ್ವರ್ಟರ್ ಸದಾ ಕೊಡುವುದು 9 ಆಂಪಿಯರ್‌ಗಿಂತ ಕಡಿಮೆ, ಕ್ಷಣಕಾಲ ಅದರ ಎರಡರಷ್ಟು. ಎಂಸಿಬಿ ಬೀಳುವ ಮೊದಲೇ ಇನ್ವರ್ಟರ್ ಕೈ ಚೆಲ್ಲುತ್ತದೆ.

ಆದರೆ ಸೇರಿಸುವ ಮೊದಲು ಮೂರು ಎಚ್ಚರ. ಮ್ಯಾನ್ಯುಯಲ್‌ನಲ್ಲಿ "ನ್ಯೂಟ್ರಲ್ ಅನ್ನು ಅರ್ಥ್‌ಗೆ ಸೇರಿಸಬಹುದು" ಅಂತ ಬರೆದಿರದಿದ್ದರೆ ಕೈ ಹಾಕಬೇಡಿ. ಕೆಲವು ಅಗ್ಗದ ಇನ್ವರ್ಟರ್‌ಗಳಲ್ಲಿ, ಅದರಲ್ಲೂ ಮಾಡಿಫೈಡ್ ಸೈನ್ ವೇವ್‌ನವುಗಳಲ್ಲಿ, ಔಟ್‌ಪುಟ್ ಬ್ಯಾಟರಿ ಕಡೆಯಿಂದ ಬೇರ್ಪಟ್ಟಿರುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕೂಡ ಅದೇ ಅರ್ಥ್‌ಗೆ ಸೇರಿದ್ದರೆ, ನೀವು ಹಾಕಿದ ತುಂಡು ವೈರ್ ನೇರ ಶಾರ್ಟ್ ಆಗಿ ಒಳಗಿನ ಟ್ರಾನ್ಸಿಸ್ಟರ್‌ಗಳು ಸಿಡಿಯುತ್ತವೆ. ಎರಡನೆಯದು ಜಾಗ. ಸೇರಿಸುವುದು ಇನ್ವರ್ಟರ್ ಮತ್ತು ಆರ್‌ಸಿಸಿಬಿ ನಡುವೆ. ಆರ್‌ಸಿಸಿಬಿ ದಾಟಿದ ಮೇಲೆ ಸೇರಿಸಿದರೆ ಅದು ಸುಮ್ಮಸುಮ್ಮನೆ ಬೀಳುತ್ತದೆ, ಇಲ್ಲವೇ ಬೀಳಬೇಕಾದಾಗ ಬೀಳುವುದಿಲ್ಲ.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಈ ಸೇರುವಿಕೆ ಇಡೀ ವ್ಯವಸ್ಥೆಯಲ್ಲಿ ಒಂದೇ ಕಡೆ ಇರಬೇಕು. ನಿಮ್ಮ ಇನ್ವರ್ಟರ್‌ಗೆ ಹೊರಗಿನ ಕರೆಂಟ್ ಚುಚ್ಚಿದಾಗ ಅದು ಆ ಕರೆಂಟನ್ನೇ ನೇರ ಮುಂದಕ್ಕೆ ಬಿಡುವ ಥರದ್ದಾಗಿದ್ದರೆ, ಹೊರಗಿನ ಕರೆಂಟ್‌ಗೆ ಅದರದ್ದೇ ಸೇರುವಿಕೆ ಮೊದಲೇ ಇರುತ್ತದೆ. ಈಗ ಎರಡಾಯಿತು. ನ್ಯೂಟ್ರಲ್‌ನ ಕರೆಂಟ್ ಹಂಚಿಕೊಂಡು ಅರ್ಥ್ ವೈರ್‌ನಲ್ಲೂ ಹರಿಯುತ್ತದೆ, ಮನೆಯ ಆರ್‌ಸಿಸಿಬಿ ಬೀಳುತ್ತದೆ. ಪ್ಲಗ್ ತಿರುಗಿಸಿ ಹಾಕಲು ಬರುವಂಥದ್ದಾದರೆ ಇನ್ನೂ ಕೆಟ್ಟದ್ದು, ಫೇಸೇ ಅರ್ಥ್‌ಗೆ ಸೇರಿಬಿಡಬಹುದು. ಒಳ್ಳೆಯ ಇನ್ವರ್ಟರ್-ಚಾರ್ಜರ್‌ಗಳಲ್ಲಿ ಇದಕ್ಕೆಂದೇ ಒಂದು ರಿಲೇ ಇರುತ್ತದೆ. ಹೊರಗಿನ ಕರೆಂಟ್ ಬಂದ ಕೂಡಲೇ ಒಳಗಿನ ಸೇರುವಿಕೆಯನ್ನು ಅದು ಬಿಡಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಗ್ರೌಂಡ್ ರಿಲೇ ಅಂತ ಹುಡುಕಿ.

ಪ್ರಶ್ನೆ: ಅಕ್ಕಾ, ನಮ್ಮದು ವ್ಯಾನ್. ಮೇಲೆ 36 ಸೆಲ್‌ನ ಒಂದು ಪ್ಯಾನೆಲ್, ಒಳಗೆ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ, ನಡುವೆ ಚಾರ್ಜಿಂಗ್ ಹಿಡಿತದಲ್ಲಿಡುವ ಒಂದು ಪಿಡಬ್ಲ್ಯುಎಂ ಕಂಟ್ರೋಲರ್. ಬ್ಯಾಟರಿ ನೆಗೆಟಿವ್ ಚಾಸಿಸ್‌ಗೆ ಹಾಕಿದ್ದೇವೆ. ವೈರ್ ಉಳಿಸಲು ಪ್ಯಾನೆಲ್ ನೆಗೆಟಿವ್ ಕೂಡ ಚಾಸಿಸ್‌ಗೇ ಹಾಕಿದೆವು. ಆಮೇಲಿಂದ ಬ್ಯಾಟರಿ ಕುದಿಯುತ್ತಿದೆ, ನೀರು ಬೇಗ ಖಾಲಿಯಾಗುತ್ತಿದೆ.

ಉತ್ತರ: ಇವತ್ತೇ ಬಿಚ್ಚಿ. ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್‌ಗಳಲ್ಲಿ ಬಹಳಷ್ಟು "ಕಾಮನ್ ಪಾಸಿಟಿವ್" ಆಗಿರುತ್ತವೆ. ಪ್ಯಾನೆಲ್, ಬ್ಯಾಟರಿ, ಲೋಡ್ ಮೂರರ ಪಾಸಿಟಿವ್ ಒಳಗೆ ಒಂದೇ ತಗಡಿಗೆ ಸೇರಿರುತ್ತದೆ. ಚಾರ್ಜಿಂಗ್ ನಿಲ್ಲಿಸುವ ಸ್ವಿಚ್ ಇರುವುದು ನೆಗೆಟಿವ್ ದಾರಿಯಲ್ಲಿ. ನೀವು ಎರಡೂ ನೆಗೆಟಿವ್‌ಗಳನ್ನು ಚಾಸಿಸ್ ಮೂಲಕ ಸೇರಿಸಿ ಆ ಸ್ವಿಚ್ಚನ್ನೇ ದಾಟಿಬಿಟ್ಟಿದ್ದೀರಿ. ಪ್ಯಾನೆಲ್‌ಗೆ ಏನೂ ಜೋಡಿಸದಿದ್ದಾಗ ಅದು ಸುಮಾರು 22 ವೋಲ್ಟ್ ಕೊಡುತ್ತದೆ. ಬ್ಯಾಟರಿ 14.4ರ ಆಸುಪಾಸಿನಲ್ಲಿ ನಿಲ್ಲಬೇಕು. ಕಂಟ್ರೋಲರ್‌ನ ಹಸಿರು ದೀಪ ಎಲ್ಲ ಸರಿಯಿದೆ ಅಂತ ಉರಿಯುತ್ತಿರುತ್ತದೆ, ಪಾಪ.

ಲೋಡ್ ಕಡೆಯಲ್ಲೂ ಇದೇ ಕಥೆ. ಲೈಟ್‌ಗಳ ನೆಗೆಟಿವ್ ಚಾಸಿಸ್‌ಗೆ ಹಾಕಿದ್ದರೆ, ಬ್ಯಾಟರಿ ಖಾಲಿಯಾದಾಗ ಕಂಟ್ರೋಲರ್ ಅವನ್ನು ಆರಿಸಲಾರದು. ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ ಎರಡು ವೈರ್ ಎಳೆಯಿರಿ. ಚಾಸಿಸ್‌ಗೆ ಹೋಗುವುದು ಬ್ಯಾಟರಿಯ ನೆಗೆಟಿವ್ ಒಂದೇ. ಕಂಟ್ರೋಲರ್ ಯಾವ ಥರದ್ದು ಅಂತ ನೋಡಲು ಎಲ್ಲ ವೈರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಪ್ಯಾನೆಲ್ ಪ್ಲಸ್ ಮತ್ತು ಬ್ಯಾಟರಿ ಪ್ಲಸ್ ನಡುವೆ ಓಮ್ ಅಳೆಯಿರಿ. ಸೊನ್ನೆ ಬಂದರೆ ಕಾಮನ್ ಪಾಸಿಟಿವ್.

ಅಂದಹಾಗೆ ಚಾಸಿಸ್ ಅಂದರೆ ನೆಲವಲ್ಲ. ಕೆಳಗೆ ಟಯರ್ ಇದೆ. ವ್ಯಾನಿನಲ್ಲಿ ಅರ್ಥ್ ಅಂದರೆ ಮುಟ್ಟಬಹುದಾದ ಲೋಹವೆಲ್ಲ ಒಂದೇ ವೋಲ್ಟೇಜ್‌ನಲ್ಲಿರಬೇಕು ಅಂತ, ಅಷ್ಟೇ.

ಪ್ರಶ್ನೆ: 12 ವೋಲ್ಟ್, 2000 ವಾಟ್ ಇನ್ವರ್ಟರ್‌ನ ಬಾಡಿಯಲ್ಲಿ ಅರ್ಥ್ ಸ್ಕ್ರೂ ಇದೆ. ಬ್ಯಾಟರಿ ನೆಗೆಟಿವ್ ಚಾಸಿಸ್‌ನಲ್ಲೇ ಇದೆ. ಸ್ಕ್ರೂನಿಂದ ಚಾಸಿಸ್‌ಗೆ 2.5 ಚದರ ಮಿಲಿಮೀಟರ್ ವೈರ್ ಸಾಕಾ?

ಉತ್ತರ: ಸಾಲದು. ಎಸಿ ಕಡೆಯ, ಅಂದರೆ 230 ವೋಲ್ಟ್ ಕಡೆಯ, ದೋಷಕ್ಕೆ ಅದು ಸಾಕು. ಆದರೆ ಬ್ಯಾಟರಿಯ ಪ್ಲಸ್ ಕೇಬಲ್ ಸಡಿಲಾಗಿ ಇನ್ವರ್ಟರ್‌ನ ಬಾಡಿಗೆ ತಾಗಿದರೆ? ಪೂರ್ತಿ ಲೋಡ್‌ನಲ್ಲಿ ಆ ಇನ್ವರ್ಟರ್ ಬ್ಯಾಟರಿಯಿಂದ ಎಳೆಯುವುದು ಸುಮಾರು 185 ಆಂಪಿಯರ್. ಹಾಗಾಗಿ ಫ್ಯೂಸ್ 200 ಆಂಪಿಯರ್‌ಗಿಂತ ಕಡಿಮೆ ಇರುವುದಿಲ್ಲ. ಆ ಫ್ಯೂಸ್ ಹೋಗುವ ಮೊದಲು ನಿಮ್ಮ 2.5ರ ವೈರ್ ಕೆಂಪಗೆ ಕಾದು ಬೆಂಕಿ ಹಚ್ಚಬಹುದು. ಬ್ಯಾಟರಿ ಕೇಬಲ್‌ಗೆ ಹೊಂದುವ ದಪ್ಪ ಇರಲಿ. ತಯಾರಕರು ಅಳತೆ ಕೊಟ್ಟಿದ್ದರೆ ಅದೇ ಹಾಕಿ.

ಪ್ರಶ್ನೆ: ಒಂದಡಿ ಗೂಟಕ್ಕೆ ಉಪ್ಪುನೀರು ಸುರಿದರೆ ಅರ್ಥಿಂಗ್ ಚೆನ್ನಾಗಿ ಆಗುತ್ತದಂತೆ, ಹೌದಾ?

ಉತ್ತರ: ಸ್ವಲ್ಪ ದಿನ ಆಗುತ್ತದೆ. ಆಮೇಲೆ ಉಪ್ಪು ಇಳಿದುಹೋಗುತ್ತದೆ, ಗೂಟ ತುಕ್ಕು ಹಿಡಿಯುತ್ತದೆ. ಒಣ ಮರಳಿನಲ್ಲಿ ಒಂದಡಿ ಗೂಟ ಅಂದರೆ ನೂರಾರು, ಸಾವಿರಾರು ಓಮ್. ಬರೀ 100 ಓಮ್ ಅಂತಲೇ ಹಿಡಿಯಿರಿ, 230 ವೋಲ್ಟ್‌ಗೆ 2.3 ಆಂಪಿಯರ್ ಹರಿಯುತ್ತದೆ. 10 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿಗೆ ಮಾತ್ರ ಬೇಕಾದಷ್ಟು. ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿರುವ ವ್ಯವಸ್ಥೆ ಒಂದೇ ಕಡೆ ತಿಂಗಳುಗಟ್ಟಲೆ ನಿಲ್ಲುವುದಾದರೆ ತಾಮ್ರ ಲೇಪಿಸಿದ ಉದ್ದನೆಯ ರಾಡ್, 2.4 ಮೀಟರ್‌ನಂಥದ್ದು, ಹೊಡೆಸಿ.

ಪ್ರಶ್ನೆ: ಬಯಲಿನಲ್ಲಿ ಪ್ಯಾನೆಲ್ ಹರಡಿರುತ್ತೇವೆ. ಸಿಡಿಲಿನಿಂದ ಕಾಪಾಡಲು ಪ್ಯಾನೆಲ್ ಹತ್ತಿರ ಒಂದು, ಇನ್ವರ್ಟರ್ ಹತ್ತಿರ ಒಂದು ರಾಡ್ ಹಾಕಿದರೆ ಒಳ್ಳೆಯದಲ್ವಾ?

ಉತ್ತರ: ಬೇರೆ ಬೇರೆ ಇಟ್ಟರೆ ಕೆಟ್ಟದ್ದು. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಜಾಗದ ನೆಲದ ನಡುವೆಯೇ ಸಾವಿರಾರು ವೋಲ್ಟ್ ಅಂತರ ಬರುತ್ತದೆ. ಎರಡು ರಾಡ್‌ಗಳನ್ನು ಸೇರಿಸುವ ದಪ್ಪ ವೈರ್ ಇಲ್ಲದಿದ್ದರೆ ಆ ಅಂತರ ನಿಮ್ಮ ಪ್ಯಾನೆಲ್ ಕೇಬಲ್ ಮತ್ತು ಕಂಟ್ರೋಲರ್ ಮೂಲಕವೇ ಹಾದುಹೋಗುತ್ತದೆ. ಹೊತ್ತೊಯ್ಯುವ ಸೆಟ್‌ಗೆ ನೇರ ಸಿಡಿಲು ತಡೆಯುವ ಶಕ್ತಿ ಯಾವ ಗೂಟವೂ ಕೊಡುವುದಿಲ್ಲ. ದೂರದ ಸಿಡಿಲಿಗೆ ಮಾಡಬಹುದಾದದ್ದು ಒಂದಿದೆ. ಪ್ಲಸ್ ಮತ್ತು ಮೈನಸ್ ವೈರ್‌ಗಳನ್ನು ಅಗಲವಾಗಿ ಹರಡದೆ ಜೋಡಿಯಾಗಿ ಒಟ್ಟಿಗೆ ಎಳೆಯಿರಿ. ನಡುವೆ ಜಾಗ ಜಾಸ್ತಿ ಇದ್ದಷ್ಟೂ ಸಿಡಿಲು ಅದರಲ್ಲಿ ಹುಟ್ಟಿಸುವ ವೋಲ್ಟೇಜ್ ಜಾಸ್ತಿ.

ಮೋಡ ಕಟ್ಟುವುದು ಕಂಡಾಗಲೇ ಪ್ಯಾನೆಲ್ ಬೇರ್ಪಡಿಸಿ. ಮೊದಲು ಐಸೊಲೇಟರ್ ಸ್ವಿಚ್ ಆಫ್ ಮಾಡಿ, ಆಮೇಲೆ ಕನೆಕ್ಟರ್ ಎಳೆಯಿರಿ. ಲೋಡ್ ಇರುವಾಗಲೇ ಎಳೆದರೆ ಡಿಸಿ ಕಿಡಿ ಆರದೆ ಉರಿಯುತ್ತದೆ. ಗುಡುಗು ಕೇಳಿಸಿತು ಅಂದರೆ ಪ್ಯಾನೆಲ್ ಹಾಗೇ ಬಿಟ್ಟು ಒಳಗೆ ಓಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ.

ಪ್ರಶ್ನೆ: ಕರೆಂಟ್ ಹೋದಾಗ ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಪವರ್ ಸ್ಟೇಷನ್‌ನಿಂದ ಮನೆಯ ಸಾಕೆಟ್‌ಗೆ ಕೊಡುತ್ತೇವೆ. ಅರ್ಥಿಂಗ್ ಹೇಗೆ ಮಾಡಲಿ?

ಉತ್ತರ: ಆ ವೈರ್ ಕತ್ತರಿಸಿ. ಒಂದು ತುದಿ ಕಳಚಿದರೆ ಪ್ಲಗ್‌ನ ಬರೀ ಪಿನ್‌ಗಳಲ್ಲಿ 230 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಮರೆತರೆ ಹೊರಗೆ ಕಂಬದ ಮೇಲೆ ಕೆಲಸ ಮಾಡುವವರ ಜೀವಕ್ಕೇ ಕುತ್ತು. ಮನೆಗೆ ಕೊಡುವುದಾದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅರ್ಥಿಂಗ್ ಮಾತು ಆಮೇಲೆ.

ಪ್ರಶ್ನೆ: ಗಾಡಿಯ ಮೇಲೆ ಮೂರು ದೊಡ್ಡ ಪ್ಯಾನೆಲ್ ಸೀರೀಸ್‌ನಲ್ಲಿವೆ, ಒಂದೊಂದು 49 ವೋಲ್ಟ್. ಕೆಳಗೆ ಚಾರ್ಜರ್, ಇನ್ವರ್ಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಹೈಬ್ರಿಡ್. ಬೆಳಿಗ್ಗೆ ಮಂಜು ಇದ್ದಾಗ ಪ್ಯಾನೆಲ್ ಫ್ರೇಮ್ ಮುಟ್ಟಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ. ಪ್ಯಾನೆಲ್ ಮೈನಸ್ ಅನ್ನು ಫ್ರೇಮ್‌ಗೆ ಸೇರಿಸಿದರೆ ನಿಲ್ಲುತ್ತದಾ?

ಉತ್ತರ: ಮೈನಸ್ ಸೇರಿಸಬೇಡಿ! ಇಂಥ ಪೆಟ್ಟಿಗೆಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಪ್ಯಾನೆಲ್ ಕಡೆ ಮತ್ತು ಎಸಿ ಕಡೆ ಒಳಗೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಪ್ಯಾನೆಲ್ ಮೈನಸ್ ಅರ್ಥ್ ಆದರೆ ಇನ್ವರ್ಟರ್ ಸುಟ್ಟುಹೋಗಬಹುದು. ಫ್ರೇಮ್ ಜುಮ್ ಅನ್ನುವುದೂ ಬಹುಶಃ ಇದರಿಂದಲೇ. ಸೆಲ್‌ಗಳು ಮತ್ತು ಫ್ರೇಮ್ ಸೇರಿ ಒಂದು ಕೆಪಾಸಿಟರ್‌ನಂತಾಗುತ್ತವೆ, ಎಸಿ ಅದರ ಮೂಲಕ ಸೋರುತ್ತದೆ. ಮಂಜಿನಲ್ಲಿ ಒದ್ದೆಯಾದಾಗ ಜಾಸ್ತಿ. ಕೇಬಲ್ ಎಲ್ಲಾದರೂ ಫ್ರೇಮ್‌ಗೆ ಉಜ್ಜಿ ಸುಲಿದಿದೆಯಾ ಅಂತಲೂ ನೋಡಿಸಲೇಬೇಕು. ಡಿಸಿಯಲ್ಲಿ 120 ವೋಲ್ಟ್ ದಾಟಿದರೆ ಅದನ್ನು ಕಡಿಮೆ ವೋಲ್ಟೇಜ್ ಅಂತ ಉಪೇಕ್ಷಿಸುವ ಹಾಗಿಲ್ಲ. ನಿಮ್ಮದು 147. ಕಂಟ್ರೋಲರ್‌ನ ಮಿತಿ 150 ಆಗಿದ್ದರೆ ಚಳಿಯಲ್ಲಿ ಅದನ್ನೂ ದಾಟುತ್ತದೆ, ತಂಪಾದಷ್ಟೂ ಪ್ಯಾನೆಲ್ ವೋಲ್ಟೇಜ್ ಏರುತ್ತದೆ. ಅದನ್ನೂ ನೋಡಿಕೊಳ್ಳಿ.

ಸೇರಿಸಬೇಕಾದದ್ದು ಫ್ರೇಮ್ ಅನ್ನು, ಇನ್ವರ್ಟರ್‌ನ ಅರ್ಥ್ ಟರ್ಮಿನಲ್‌ಗೆ. ಮೂರೂ ಫ್ರೇಮ್, ಸ್ಟ್ಯಾಂಡ್, ಗಾಡಿಯ ಚಾಸಿಸ್ ಎಲ್ಲ ಒಂದೇ ಅರ್ಥ್ ವೈರ್‌ಗೆ ಬರಲಿ. ಸುಮ್ನೆ ಬೋಲ್ಟ್ ಬಿಗಿದರೆ ಆಗುವುದಿಲ್ಲ. ಫ್ರೇಮ್‌ನ ಅಲ್ಯೂಮಿನಿಯಂ ಮೇಲೆ ಆನೋಡೈಸ್ ಪದರ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಲ್ಲಿರುವ ಸ್ಟೇನ್‌ಲೆಸ್ ವಾಷರ್ ಹಾಕಿ, ಅದು ಪದರ ಕೊರೆದು ಲೋಹ ಹಿಡಿಯುತ್ತದೆ. ವೈರ್ ತುದಿಗೆ ಹಾಕುವ ಲಗ್ ಬರೀ ತಾಮ್ರದ್ದಾಗಿದ್ದು ಅಲ್ಯೂಮಿನಿಯಂಗೆ ತಾಗಿದರೆ ಒದ್ದೆಯಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ತವರ ಲೇಪಿಸಿದ ಲಗ್ ಬಳಸಿ. ಇದೆಲ್ಲ ಮಾಡುವುದು ಇನ್ವರ್ಟರ್ ಬಂದ್ ಮಾಡಿ, ಪ್ಯಾನೆಲ್ ಐಸೊಲೇಟರ್ ಆಫ್ ಮಾಡಿ, ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿದ ಮೇಲೆ. ಮುಗಿದ ಮೇಲೆ ಅತಿ ದೂರದ ಫ್ರೇಮ್‌ನಿಂದ ಇನ್ವರ್ಟರ್‌ನ ಅರ್ಥ್ ಸ್ಕ್ರೂಗೆ ಓಮ್ ಅಳೆಯಿರಿ. ಒಂದಕ್ಕಿಂತ ಕಡಿಮೆ ಬರಬೇಕು. ಜಾಸ್ತಿ ಬಂದರೆ ಯಾವುದೋ ವಾಷರ್ ಪದರ ಕೊರೆದಿಲ್ಲ, ಒಂದೊಂದೇ ಬಿಚ್ಚಿ ನೋಡಿ.